ಸಮಭಾಜಕದ ಸಮೀಪ ಹಿಮ ನಿಲ್ಲುವುದು ಹೇಗೆ? ಪೆರುವಿನ ಪಾಲ್ಕರಾಹು ಪರ್ವತ

ಪ್ರಶ್ನೆ: ಪೆರು ದೇಶದ ರೈತರೊಬ್ಬರು ಜರ್ಮನಿಯ ವಿದ್ಯುತ್ ಕಂಪನಿಯ ಮೇಲೆ ಹೂಡಿದ್ದ ಮೊಕದ್ದಮೆಯ ಸುದ್ದಿಯಲ್ಲಿ ‘ಪಾಲ್ಕರಾಜು’ ಎಂಬ ಹಿಮಪರ್ವತದ ಹೆಸರನ್ನು ಓದಿದೆ. ಭೂಪಟ ನೋಡಿದರೆ ಅದು ಸಮಭಾಜಕ ವೃತ್ತದಿಂದ ಒಂಬತ್ತೇ ಡಿಗ್ರಿ ದೂರದಲ್ಲಿದೆ, ಅಂದರೆ ಕರ್ನಾಟಕಕ್ಕಿಂತಲೂ ಹತ್ತಿರ. ಅಂಥ ಕಡೆ ವರ್ಷವಿಡೀ ಹಿಮ ನಿಲ್ಲುವುದು ಹೇಗೆ? ಆ ಹಿಮದಿಂದ ಇಪ್ಪತ್ತು ಕಿಲೋಮೀಟರ್ ಆಚೆಯ ಊರಿಗೆ ಏನು ಅಪಾಯ? ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿದೆಯಂತೆ. ಹಾಗಾದರೆ ಅಪಾಯ ಇಲ್ಲವೆಂದು ಅರ್ಥವೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳೂ ಒಂದರೊಳಗೊಂದು ಸೇರಿಕೊಂಡಿವೆ. ಸಮಭಾಜಕದ ಸಮೀಪದ ಹಿಮ ಹೇಗೆ ಕೂಡುತ್ತದೆ, ಹೇಗೆ ಕರಗುತ್ತದೆ ಎಂಬುದು ತಿಳಿದರೆ ಅದು ಊರಿಗೆ ಏಕೆ ಅಪಾಯ ತರುತ್ತದೆ ಎಂಬುದೂ ತಿಳಿಯುತ್ತದೆ. ಕೊನೆಯ ಪ್ರಶ್ನೆಗೆ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ: ಇಲ್ಲ, ಹಾಗೆ ಅರ್ಥವಲ್ಲ. ಅದರ ವಿವರ ಮುಂದೆ ಬರುತ್ತದೆ.

ಮೊದಲು ಹೆಸರಿನ ವಿಚಾರ. ಸ್ಪ್ಯಾನಿಷ್ ಬರಹದಲ್ಲಿ ‘ಜೆ’ ಅಕ್ಷರವನ್ನು ಹಕಾರದಂತೆ ಉಚ್ಚರಿಸುತ್ತಾರೆ. ಆದ್ದರಿಂದ ಇದು ಪಾಲ್ಕರಾಹು. ಅಲ್ಲಿನ ಕೆಚುವಾ ಭಾಷೆಯಲ್ಲಿ ‘ಪಾಲ್ಕ’ ಎಂದರೆ ಕವಲು, ‘ರಾಹು’ ಎಂದರೆ ಹಿಮ ಹೊದ್ದ ಶಿಖರ, ‘ಕೋಚ’ ಎಂದರೆ ಸರೋವರ. ಇಷ್ಟು ಗೊತ್ತಿದ್ದರೆ ಆ ಪ್ರದೇಶದ ಭೂಪಟದಲ್ಲಿ ಅರ್ಧದಷ್ಟು ಹೆಸರುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಪಾಲ್ಕರಾಹು 6,274 ಮೀಟರ್ ಎತ್ತರದ ಪರ್ವತ. ಪೆರುವಿನ ಅಂಕಾಶ್ ಪ್ರಾಂತ್ಯದಲ್ಲಿ, ಹುವಾರಾಸ್ ಎಂಬ ನಗರದಿಂದ ಈಶಾನ್ಯಕ್ಕೆ ಇದೆ. ಆಂಡೀಸ್ ಪರ್ವತಗಳ ಈ ಭಾಗಕ್ಕೆ ಕಾರ್ಡಿಲೆರಾ ಬ್ಲಾಂಕಾ, ಅಂದರೆ ಬಿಳಿಯ ಪರ್ವತಸಾಲು ಎಂದು ಹೆಸರು. ಪೆಸಿಫಿಕ್ ಕರಾವಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಕಡಲಿನಿಂದ ನೂರು ಕಿಲೋಮೀಟರಿನಷ್ಟು ಒಳಗೆ, ವಾಯವ್ಯದಿಂದ ಆಗ್ನೇಯಕ್ಕೆ ಸುಮಾರು 180 ಕಿಲೋಮೀಟರ್ ಉದ್ದಕ್ಕೆ ಈ ಸಾಲು ಚಾಚಿಕೊಂಡಿದೆ. ಅಗಲ ಇಪ್ಪತ್ತು ಕಿಲೋಮೀಟರಿನಷ್ಟು ಮಾತ್ರ. ಉಷ್ಣವಲಯದ ಅತ್ಯಂತ ಎತ್ತರದ ಪರ್ವತವಾದ ಹುವಾಸ್ಕರಾನ್ (6,768 ಮೀಟರ್) ಇದೇ ಸಾಲಿನಲ್ಲಿ, ಪಾಲ್ಕರಾಹುವಿನ ವಾಯವ್ಯಕ್ಕಿದೆ. ಪಾಲ್ಕರಾಹುವಿನ ನೆರೆಹೊರೆಯವರೂ ಸಾಮಾನ್ಯರಲ್ಲ. ಟೊಕ್ಲ್ಯರಾಹು, ರಾನ್ರಪಾಲ್ಕ, ಪುಕರಾನ್ರ ಎಲ್ಲವೂ ಆರು ಸಾವಿರ ಮೀಟರ್ ದಾಟಿದವು. ವಾಯವ್ಯ ಮಗ್ಗುಲಲ್ಲಿ ಇಶಿಂಕ ಕಣಿವೆಯಿದೆ. ದಕ್ಷಿಣಕ್ಕೆ ಕೊಹುಪ್ ಕಣಿವೆ. ನಮ್ಮ ಕಥೆ ನಡೆಯುವುದು ಈ ಕೊಹುಪ್ ಕಣಿವೆಯಲ್ಲಿ.

ಇಷ್ಟು ಕಿರಿದಾದ ಸಾಲು ಇಷ್ಟು ಎತ್ತರಕ್ಕೆ ಏರಿದ್ದು ಹೇಗೆ ಎಂಬುದನ್ನೂ ಹೇಳಬೇಕು. ಪೆಸಿಫಿಕ್ ತಳದ ನಾಸ್ಕಾ ಭೂಫಲಕ (ಭೂಮಿಯ ಹೊರಚಿಪ್ಪಿನ ಒಂದು ತುಂಡು) ವರ್ಷಕ್ಕೆ ಆರೇಳು ಸೆಂಟಿಮೀಟರ್ ವೇಗದಲ್ಲಿ ದಕ್ಷಿಣ ಅಮೆರಿಕದ ಅಡಿಗೆ ನುಗ್ಗುತ್ತಿದೆ. ಆಂಡೀಸ್ ಎದ್ದುದಕ್ಕೆ ಮೂಲ ಕಾರಣ ಇದೇ. ಆದರೆ ಪೆರುವಿನ ಮಧ್ಯ ಮತ್ತು ಉತ್ತರ ಭಾಗದಲ್ಲಿ ಹಾಗೆ ಒಳಹೊಕ್ಕ ಫಲಕ ಕಡಿದಾಗಿ ಮುಳುಗುವ ಬದಲು ಸುಮಾರು ನೂರು ಕಿಲೋಮೀಟರ್ ಆಳದಲ್ಲಿ ಬಹುದೂರ ಅಡ್ಡಡ್ಡ ಸಾಗುತ್ತದೆ. ಹೀಗಾಗಿ ಇಲ್ಲಿ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಹುಟ್ಟುವ ಸನ್ನಿವೇಶವಿಲ್ಲ. ಈಕ್ವೆಡಾರಿನಲ್ಲಿ ಮತ್ತು ದಕ್ಷಿಣ ಪೆರುವಿನಲ್ಲಿ ಕಾಣುವ ಜೀವಂತ ಜ್ವಾಲಾಮುಖಿಗಳು ಇಲ್ಲಿಲ್ಲ. ಹಿಮ ಹೊದ್ದ ಆಂಡೀಸ್ ಶಿಖರವೆಂದರೆ ಜ್ವಾಲಾಮುಖಿಯೇ ಎಂದು ಎಷ್ಟೋ ಮಂದಿ ಭಾವಿಸುತ್ತಾರೆ, ಪಾಲ್ಕರಾಹು ಜ್ವಾಲಾಮುಖಿಯಲ್ಲ. ಈ ಸಾಲಿನ ಒಡಲು ಗ್ರಾನೈಟ್ ಜಾತಿಯ ಕಲ್ಲು. ಸುಮಾರು 1.4 ಕೋಟಿ ವರ್ಷಗಳಿಂದ 50 ಲಕ್ಷ ವರ್ಷಗಳ ಹಿಂದಿನವರೆಗಿನ ಅವಧಿಯಲ್ಲಿ ನೆಲದಾಳದಲ್ಲಿ ತಣಿದು ಗಟ್ಟಿಯಾದದ್ದು. ಭೂವಿಜ್ಞಾನದ ಲೆಕ್ಕದಲ್ಲಿ ಇದು ತೀರಾ ಎಳೆಯ ಕಲ್ಲು. ಅದು ಮೇಲೆ ಬಂದದ್ದು ಸಾಲಿನ ಪಶ್ಚಿಮ ಪಾದದ ಗುಂಟ ಹಾದುಹೋಗುವ, ಸುಮಾರು ಇನ್ನೂರು ಕಿಲೋಮೀಟರ್ ಉದ್ದದ ಸ್ತರಭಂಗದ, ಅಂದರೆ ನೆಲದ ಬಿರುಕಿನ, ಮೂಲಕ. ಒಂದು ಬದಿ ಕಣಿವೆಯಾಗಿ ಕೆಳಗಿಳಿಯಿತು, ಇನ್ನೊಂದು ಬದಿ ಪರ್ವತವಾಗಿ ಮೇಲೆದ್ದಿತು. ಈ ಚಲನೆ ಇನ್ನೂ ನಿಂತಿಲ್ಲ.

ಕೆಳಗಿಳಿದ ಬದಿಯಲ್ಲಿ ಸಾಂತಾ ನದಿ ಹರಿಯುತ್ತದೆ. ಅದರ ಆಚೆಗೆ ಮತ್ತೊಂದು ಸಾಲು, ಕಾರ್ಡಿಲೆರಾ ನೆಗ್ರಾ, ಕರಿಯ ಸಾಲು. ಅದೂ ನಾಲ್ಕೈದು ಸಾವಿರ ಮೀಟರ್ ಎತ್ತರದ್ದೇ. ಆದರೂ ಅಲ್ಲಿ ಹಿಮನದಿ ಒಂದೂ ಇಲ್ಲ. ಕಣಿವೆಯ ನಡುವೆ ನಿಂತರೆ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಈ ನೋಟದಲ್ಲೇ ಇದೆ.

ಹಿಮ ನಿಲ್ಲಲು ಶೀತ ಬೇಕು. ಶೀತವನ್ನು ಧ್ರುವದ ಸಾಮೀಪ್ಯ ಕೊಡುವಂತೆ ಎತ್ತರವೂ ಕೊಡುತ್ತದೆ. ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಗಾಳಿ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾಗುತ್ತದೆ. ಕಡಲ ಮಟ್ಟದಲ್ಲಿ 27 ಡಿಗ್ರಿ ಇದ್ದರೆ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತಲೆಯ ಮೇಲೆ 14–15 ಡಿಗ್ರಿ ಇರಬಹುದು. ಅಲ್ಲಿ ಮಂಜು ಮುಸುಕುತ್ತದೆಯೇ ಹೊರತು ಹಿಮ ಬೀಳುವುದಿಲ್ಲ. ಇನ್ನೂ ಮೇಲೇರಿದರೆ ಉಷ್ಣವಲಯದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ ಐದು ಸಾವಿರ ಮೀಟರಿನ ಆಸುಪಾಸಿಗೆ ಬರುತ್ತದೆ. ಪಾಲ್ಕರಾಹು ಅದನ್ನು ದಾಟಿ ಇನ್ನೂ ಸಾವಿರದ ಇನ್ನೂರು ಮೀಟರಿಗಿಂತ ಹೆಚ್ಚು ಮೇಲೆ ನಿಂತಿದೆ. ಕರಿಯ ಸಾಲಿನ ಶಿಖರಗಳು ಆ ಮಟ್ಟವನ್ನು ತಲುಪಿಯೂ ತಲುಪದಂತಿವೆ.

ಇನ್ನುಳಿದ ಅರ್ಧ, ತೇವ. ಹಿಮ ಬೀಳಲು ಶೀತವೊಂದೇ ಸಾಲದು. ಪಾಲ್ಕರಾಹುವಿಗೆ ಪೆಸಿಫಿಕ್ ಸಾಗರ ಅಷ್ಟು ಹತ್ತಿರವಿದ್ದರೂ ಅದರಿಂದ ಏನೂ ಸಿಗುವುದಿಲ್ಲ. ಪೆರುವಿನ ತೀರದುದ್ದಕ್ಕೂ ತಣ್ಣನೆಯ ಸಾಗರಪ್ರವಾಹ ಹರಿಯುವುದರಿಂದ ಆ ಕರಾವಳಿ ಮರುಭೂಮಿ. ತೇವ ಬರುವುದು ಪೂರ್ವದಿಂದ, ಅಮೆಜಾನ್ ಕಾಡುಗಳ ಮೇಲಿಂದ. ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟಿದ ಆವಿಯನ್ನು ಪೂರ್ವದ ಗಾಳಿ ಖಂಡವನ್ನೇ ದಾಟಿಸಿ ತಂದು ಈ ಗೋಡೆಗೆ ಒಡ್ಡುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಆಗುಂಬೆ ತೊಯ್ದು ಚಿತ್ರದುರ್ಗ ಒಣಗುವ ಕ್ರಿಯೆಯೇ ಇಲ್ಲಿ ದಿಕ್ಕು ಬದಲಿಸಿಕೊಂಡಿದೆ: ಪೂರ್ವದ ಇಳಿಜಾರು ಒದ್ದೆ, ಪಶ್ಚಿಮದ ಕಡಲತಡಿ ಒಣ. ಬಿಳಿಯ ಸಾಲು ಮೊದಲು ತೇವವನ್ನು ಹಿಡಿದುಕೊಳ್ಳುತ್ತದೆ, ಅದರ ಹಿಂದಿರುವ ಕರಿಯ ಸಾಲಿಗೆ ಉಳಿಯುವುದು ಅಲ್ಪ.

ಇನ್ನು ಮುಂದಿನದು ನನಗೆ ಈ ವಿಷಯದಲ್ಲೇ ಅತ್ಯಂತ ಮುಖ್ಯವೆನಿಸುವ ಭಾಗ. ನಾವು ಶಾಲೆಯಲ್ಲಿ ಹಿಮನದಿಯ ಪಾಠ ಕಲಿಯುವಾಗ ಚಳಿಗಾಲದಲ್ಲಿ ಹಿಮ ಕೂಡುತ್ತದೆ, ಬೇಸಿಗೆಯಲ್ಲಿ ಕರಗುತ್ತದೆ ಎಂದು ಕಲಿಯುತ್ತೇವೆ. ಯೂರೋಪಿನ ಆಲ್ಪ್ಸ್ ಪರ್ವತಗಳಿಗೆ ಅದು ಸರಿ. ಪಾಲ್ಕರಾಹುವಿನಲ್ಲಿ ಆ ಅರ್ಥದ ಚಳಿಗಾಲವೇ ಇಲ್ಲ. ಸಮಭಾಜಕದ ಸಮೀಪ ತಿಂಗಳಿಂದ ತಿಂಗಳಿಗೆ ಸರಾಸರಿ ಉಷ್ಣತೆ ಹೆಚ್ಚು ಬದಲಾಗುವುದಿಲ್ಲ. ಒಂದೇ ದಿನದ ಮಧ್ಯಾಹ್ನಕ್ಕೂ ರಾತ್ರಿಗೂ ಇರುವ ಅಂತರ ಅದಕ್ಕಿಂತ ದೊಡ್ಡದು. ಅಲ್ಲಿನ ವರ್ಷವನ್ನು ವಿಂಗಡಿಸುವುದು ಮಳೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ತೇವದ ಕಾಲ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣಕಾಲ. ವರ್ಷದ ಮಳೆ ಮತ್ತು ಹಿಮದ ಬಹುಪಾಲು ಆ ತೇವದ ತಿಂಗಳುಗಳಲ್ಲೇ ಸುರಿಯುತ್ತದೆ.

ಇದರ ಪರಿಣಾಮ ವಿಚಿತ್ರ. ಪರ್ವತದ ಮೇಲ್ಭಾಗದಲ್ಲಿ ಹಿಮ ಕೂಡುವ ತಿಂಗಳುಗಳಲ್ಲೇ ಕೆಳಭಾಗದಲ್ಲಿ ಹಿಮನದಿಯ ನಾಲಿಗೆ ಅತಿ ಹೆಚ್ಚು ಕರಗುತ್ತಿರುತ್ತದೆ. ಒಣಕಾಲದಲ್ಲಿ ಆಕಾಶ ನಿಚ್ಚಳವಾಗಿ ಬಿಸಿಲು ಚುರುಗುಟ್ಟಿದರೂ ಕರಗುವಿಕೆ ಕಡಿಮೆ. ಏಕೆಂದರೆ ಒಣಗಾಳಿಯಲ್ಲಿ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ, ಮತ್ತು ಹಾಗೆ ಆವಿಯಾಗಲು ಕರಗುವುದಕ್ಕೆ ಬೇಕಾದ ಶಾಖದ ಸುಮಾರು ಎಂಟೂವರೆ ಪಟ್ಟು ಶಾಖ ಬೇಕು. ಬಿಸಿಲಿನ ಶಕ್ತಿ ಅದಕ್ಕೇ ಖರ್ಚಾಗಿ ಹೋಗುತ್ತದೆ. ತೇವದ ಕಾಲದಲ್ಲಿ ಗಾಳಿ ಒದ್ದೆಯಾಗಿರುತ್ತದೆ, ಮೋಡ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ, ಬಂದ ಶಕ್ತಿಯೆಲ್ಲ ಕರಗಿಸುವ ಕೆಲಸಕ್ಕೆ ಸಿಗುತ್ತದೆ.

ಹೀಗೆ ವರ್ಷದ ಹನ್ನೆರಡೂ ತಿಂಗಳು ಕರಗುತ್ತಲೇ ಇರುವ ಹಿಮನದಿಗೆ ಉಷ್ಣತೆಯಲ್ಲಿ ಸ್ವಲ್ಪ ಏರಿಕೆಯಾದರೂ ಪೆಟ್ಟು ಜೋರು. ಹೆಪ್ಪುಗಟ್ಟುವ ಮಟ್ಟ ನೂರು ಮೀಟರ್ ಮೇಲಕ್ಕೆ ಸರಿದರೆ ಆ ಪಟ್ಟಿಯಲ್ಲಿ ಹಿಮ ಬೀಳಬೇಕಾದ ಕಡೆ ಮಳೆ ಬೀಳುತ್ತದೆ. ಹೊಸ ಹಿಮ ಬೆಳ್ಳಗಿದ್ದು ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಮಳೆ ತೊಳೆದ ಹಳೆಯ ಮಂಜುಗಡ್ಡೆ ಬೂದು ಬಣ್ಣದ್ದು, ಅದು ಬಿಸಿಲನ್ನು ಹೀರಿ ಇನ್ನಷ್ಟು ಕರಗುತ್ತದೆ. ಎಲ್ ನಿನ್ಯೊ ವರ್ಷಗಳಲ್ಲಿ ಸಾಮಾನ್ಯವಾಗಿ ಇಲ್ಲಿ ಸೆಕೆ ಹೆಚ್ಚು, ಹಿಮ ಕಡಿಮೆ. ಆಗಂತೂ ನಷ್ಟ ದುಪ್ಪಟ್ಟು. ಉಷ್ಣವಲಯದ ಹಿಮನದಿಗಳಲ್ಲಿ ಸುಮಾರು ಶೇ. 70ರಷ್ಟು ಇರುವುದು ಪೆರು ದೇಶದಲ್ಲಿ, ಅದರಲ್ಲೂ ಅತಿ ದೊಡ್ಡ ಸಮೂಹ ಈ ಬಿಳಿಯ ಸಾಲಿನಲ್ಲಿ. 1970ರ ಸುಮಾರಿಗೆ ಈ ಸಾಲಿನಲ್ಲಿ 700 ಚದರ ಕಿಲೋಮೀಟರಿಗೂ ಮೀರಿ ಹಿಮನದಿಗಳಿದ್ದವು. ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈಗ ಇಲ್ಲ.

ಈಗ ಕೊಹುಪ್ ಕಣಿವೆಗೆ ಬರೋಣ. ಪಾಲ್ಕರಾಹು ಮತ್ತು ಪುಕರಾನ್ರ ಶಿಖರಗಳಿಂದ ಇಳಿಯುವ ಹಿಮನದಿ ಹಿಂದೆ ಈ ಕಣಿವೆಯಲ್ಲಿ ಇನ್ನೂ ಕೆಳಗಿನವರೆಗೆ ಚಾಚಿತ್ತು. ಚಲಿಸುವ ಹಿಮನದಿ ಕಲ್ಲುಮಣ್ಣನ್ನು ಕೆರೆದು ತಂದು ತನ್ನ ಅಂಚಿಗೆ ಒಟ್ಟುತ್ತದೆ. ಈ ರಾಶಿಗೆ ಮೊರೇನ್ ಎನ್ನುತ್ತಾರೆ. ಹಿಮನದಿ ಹಿಂದೆ ಸರಿದಾಗ ಅದು ಬಿಟ್ಟುಹೋದ ತಗ್ಗಿನಲ್ಲಿ ನೀರು ತುಂಬಿಕೊಂಡು, ಮೊರೇನ್ ರಾಶಿಯೇ ಅಣೆಕಟ್ಟಾಗಿ ನಿಲ್ಲುತ್ತದೆ. ಯಾವ ಎಂಜಿನಿಯರೂ ಕಟ್ಟದ, ಸಡಿಲ ಕಲ್ಲುಮಣ್ಣಿನ ಅಣೆಕಟ್ಟು. 4,560 ಮೀಟರಿಗೂ ತುಸು ಮೇಲಿರುವ ಪಾಲ್ಕಕೋಚ ಸರೋವರ ಹುಟ್ಟಿದ್ದು ಹೀಗೆ. ಅಲ್ಲಿಂದ ಹೊರಟ ತೊರೆ ಕೊಹುಪ್ ಕಣಿವೆಯಲ್ಲಿ ಇಳಿದು, ಹುವಾರಾಸ್ ನಗರದ ನಡುವೆ ಹರಿಯುವ ಕಿಲ್ಕೈ ನದಿಯನ್ನು ಸೇರುತ್ತದೆ. ನಗರ ಇರುವುದು ಸುಮಾರು 3,050 ಮೀಟರ್ ಎತ್ತರದಲ್ಲಿ. ಅಂದರೆ ಸರೋವರಕ್ಕೂ ಊರಿಗೂ ನಡುವೆ ಒಂದೂವರೆ ಕಿಲೋಮೀಟರ್ ಇಳಿತ, ದಾರಿ ಇಪ್ಪತ್ತಮೂರು ಕಿಲೋಮೀಟರಿನಷ್ಟು.

ಆಸ್ಟ್ರಿಯಾದ ಭೂಗೋಳಶಾಸ್ತ್ರಜ್ಞ ಹಾನ್ಸ್ ಕಿನ್ಸ್ಲ್ 1930ರ ದಶಕದಲ್ಲಿ ಈ ಪರ್ವತಗಳ ಭೂಪಟ ತಯಾರಿಸುವ ಯಾತ್ರೆಗಳಲ್ಲಿ ಇದ್ದರು. ಆ ಕಾಲದಲ್ಲಿ ತೆಗೆದ ಚಿತ್ರದಲ್ಲಿ ಪಾಲ್ಕಕೋಚ ದಂಡೆಯವರೆಗೆ ತುಂಬಿ ನಿಂತಿದೆ. 1941ರ ಡಿಸೆಂಬರ್ 13ರ ಬೆಳಗ್ಗೆ ಆ ದಂಡೆ ಒಡೆಯಿತು. ಸುಮಾರು ಒಂದು ಕೋಟಿ ಘನ ಮೀಟರ್ ನೀರು ಕಣಿವೆಯೊಳಗೆ ನುಗ್ಗಿ, ದಾರಿಯಲ್ಲಿದ್ದ ಹಿರ್ಕಕೋಚ ಎಂಬ ಇನ್ನೊಂದು ಸರೋವರವನ್ನೂ ಒಡೆದು, ಬಂಡೆ ಮರ ಕೆಸರುಗಳನ್ನೆಲ್ಲ ಒಟ್ಟಿಗೆ ಹೊತ್ತು ಹುವಾರಾಸ್‌ಗೆ ಅಪ್ಪಳಿಸಿತು. ನಗರದ ಮೂರನೇ ಒಂದು ಭಾಗದಷ್ಟು ನಾಶವಾಯಿತು. ಸತ್ತವರ ಸಂಖ್ಯೆಯ ಅಂದಾಜು ಎರಡು ಸಾವಿರದಿಂದ ಐದು ಸಾವಿರದವರೆಗೆ ಇದೆ. ಉಪಗ್ರಹ ಚಿತ್ರದಲ್ಲಿ ಪಾಲ್ಕಕೋಚ ಹುಡುಕಿ ನೋಡಿ. ನೀಲಿಹಸಿರು ನೀರಿನ ಕೆಳತುದಿಯಲ್ಲಿ ಎತ್ತರದ ಮೊರೇನ್ ಗೋಡೆಯನ್ನು ಸೀಳಿಕೊಂಡು ಹೋದ ದೊಡ್ಡ ಕಂಡಿ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಕೆಳಗೆ ಬೀಸಣಿಗೆಯಂತೆ ಹರಡಿದ ಕಲ್ಲುಗಳ ರಾಶಿಯೂ ಇದೆ.

ಆ ಬಳಿಕ ಪೆರು ಸರ್ಕಾರ ಸುಮ್ಮನೆ ಕೂರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1951ರಲ್ಲಿ ಈ ಸಾಲಿನ ಸರೋವರಗಳ ನಿಯಂತ್ರಣಕ್ಕೆಂದೇ ಒಂದು ಆಯೋಗ ರಚನೆಯಾಯಿತು. ಅಲ್ಲಿಂದ ಮುಂದೆ ಮೂವತ್ತಕ್ಕೂ ಹೆಚ್ಚು ಸರೋವರಗಳ ನೀರನ್ನು ಕಾಲುವೆ, ಸುರಂಗಗಳ ಮೂಲಕ ತಗ್ಗಿಸಿ ದಂಡೆಗಳನ್ನು ಭದ್ರಪಡಿಸಿದರು. ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ, ಉಸಿರಾಟವೇ ಕಷ್ಟವಾದ ಕಡೆ, ರಸ್ತೆಯೂ ಇಲ್ಲದ ಕಾಲದಲ್ಲಿ ನಡೆದ ಕೆಲಸ ಇದು. ಹಿಮಸರೋವರಗಳನ್ನು ಪಳಗಿಸುವುದರಲ್ಲಿ ಪೆರುವಿನ ಎಂಜಿನಿಯರುಗಳು ಜಗತ್ತಿಗೇ ಗುರುಗಳು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ದಕ್ಷಿಣ ಲೋನಕ್ ಸರೋವರ ಒಡೆದು ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋದದ್ದನ್ನು ಕಂಡ ನಮಗೆ ಅವರಿಂದ ಕಲಿಯಬೇಕಾದ್ದು ಬಹಳವಿದೆ.

ಪಾಲ್ಕಕೋಚದಲ್ಲಿ ಒಡೆದ ಕಂಡಿಯ ಬಳಿ 1974ರಲ್ಲಿ ಎರಡು ಸಣ್ಣ ರಕ್ಷಣಾ ಒಡ್ಡುಗಳನ್ನು ಕಟ್ಟಿ ನೀರಿನ ಮಟ್ಟವನ್ನು ನಿಗದಿಪಡಿಸಿದರು. ಆಗ ಸರೋವರದಲ್ಲಿ ಉಳಿದಿದ್ದುದು ಐದು ಲಕ್ಷ ಘನ ಮೀಟರಿನಷ್ಟು ನೀರು. ತೊಂದರೆ ಬಂದದ್ದು ಇನ್ನೊಂದು ತುದಿಯಿಂದ. ಹಿಮನದಿ ಹಿಂದೆ ಸರಿಯುತ್ತಾ ಹೋದಂತೆ ಸರೋವರ ಪರ್ವತದ ಕಡೆಗೆ ಬೆಳೆಯಿತು. 2009ರಲ್ಲಿ ಅಳೆದಾಗ ಅದರಲ್ಲಿ 1.7 ಕೋಟಿ ಘನ ಮೀಟರ್ ನೀರಿತ್ತು, ಆಳ ಎಪ್ಪತ್ತು ಮೀಟರ್ ಮೀರಿತ್ತು. 1941ಕ್ಕಿಂತಲೂ ಹೆಚ್ಚು ನೀರು. ಅಪಾಯದ ರೀತಿಯೂ ಈಗ ಬದಲಾಗಿದೆ. ದಂಡೆ ಮತ್ತೆ ಕುಸಿಯಬಹುದೆಂಬ ಚಿಂತೆಗಿಂತ ಮೇಲಿನ ಕಡಿದಾದ ಇಳಿಜಾರುಗಳಿಂದ ಮಂಜುಗಡ್ಡೆಯೋ ಬಂಡೆಯೋ ದೊಡ್ಡ ಪ್ರಮಾಣದಲ್ಲಿ ಸರೋವರಕ್ಕೆ ಬಿದ್ದು, ಎದ್ದ ಅಲೆ ಒಡ್ಡನ್ನು ಹಾರಿ ಬರಬಹುದೆಂಬ ಚಿಂತೆ ಹೆಚ್ಚು. 2003ರ ಮಾರ್ಚಿನಲ್ಲಿ ಬದಿಯ ಮೊರೇನ್ ಕುಸಿದು ಅಂಥದೇ ಒಂದು ಸಣ್ಣ ಅಲೆ ಎದ್ದಿತ್ತು. ಜೀವಹಾನಿ ಆಗಲಿಲ್ಲ, ಆದರೆ ಹುವಾರಾಸ್‌ನ ಕುಡಿಯುವ ನೀರಿನ ಪೂರೈಕೆ ಕೆಟ್ಟಿತು. 2011ರಿಂದ ಸೈಫನ್ ಕೊಳವೆಗಳ ಮೂಲಕ ನೀರನ್ನು ಹೊರಹಾಕಿ ಮಟ್ಟವನ್ನು ಕೆಲವು ಮೀಟರ್ ಇಳಿಸಿದ್ದಾರೆ. ಎಚ್ಚರಿಕೆ ನೀಡುವ ಸೈರನ್ ವ್ಯವಸ್ಥೆಯೂ ಬಂದಿದೆ.

ಕೆಳಗೆ ಊರಿನ ಸ್ಥಿತಿ ನೋಡಿ. 1941ರ ಕೆಸರು ಹರಡಿದ್ದ ನೆಲದ ಮೇಲೇ ಮನೆಗಳು ಮತ್ತೆ ಎದ್ದಿವೆ. 1970ರ ಮೇ 31ರ ಮಹಾ ಭೂಕಂಪದಲ್ಲಿ ಹುವಾರಾಸ್ ನೆಲಸಮವಾದ ಮೇಲೆ ಊರನ್ನು ಹೊಸದಾಗಿ ಕಟ್ಟಿದರು, ಅನಂತರದ ದಶಕಗಳಲ್ಲಿ ಜನಸಂಖ್ಯೆ ಏರಿತು, ನದಿಯಂಚಿನ ಸಮತಟ್ಟಾದ ಜಾಗ ಜನರನ್ನು ಸೆಳೆಯಿತು. ಇದನ್ನು ಜನರ ಅವಿವೇಕ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಡಿದಾದ ಬೆಟ್ಟಗಳ ನಡುವೆ ಮನೆ ಕಟ್ಟಲು ಸಿಗುವ ಸಮತಟ್ಟಾದ ನೆಲವೆಲ್ಲ ಯಾವುದೋ ಪ್ರವಾಹವೋ ಹಿಮನದಿಯೋ ಹರಡಿದ ನೆಲವೇ ಆಗಿರುತ್ತದೆ.

ಇನ್ನು ಮೊಕದ್ದಮೆ. ಹುವಾರಾಸ್‌ನ ರೈತರೂ ಪರ್ವತ ಮಾರ್ಗದರ್ಶಿಯೂ ಆದ ಸೌಲ್ ಲುಸಿಯಾನೊ ಲಿಯುಯಾ 2015ರಲ್ಲಿ ಜರ್ಮನಿಯ ಆರ್‌ಡಬ್ಲ್ಯುಇ ಕಂಪನಿಯ ವಿರುದ್ಧ ಎಸ್ಸೆನ್ ನಗರದ ನ್ಯಾಯಾಲಯಕ್ಕೆ ಹೋದರು. ಕೈಗಾರಿಕಾ ಯುಗ ಆರಂಭವಾದಂದಿನಿಂದ ಜಗತ್ತು ಹೊರಬಿಟ್ಟ, ಭೂಮಿಯನ್ನು ಬಿಸಿಮಾಡುವ ಅನಿಲಗಳಲ್ಲಿ ಆ ಕಂಪನಿಯ ಪಾಲು ಸುಮಾರು ಶೇ. 0.47 ಎಂಬ ಲೆಕ್ಕವಿದೆ. ತಮ್ಮ ಮನೆಯನ್ನು ಪ್ರವಾಹದಿಂದ ರಕ್ಷಿಸುವ ಖರ್ಚಿನಲ್ಲಿ ಅದೇ ಪ್ರಮಾಣದ ಪಾಲನ್ನು ಅವರು ಕೇಳಿದರು. ಮೊದಲ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಹಾಮ್ ನಗರದ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಅದನ್ನು ವಿಚಾರಣೆಗೆ ಎತ್ತಿಕೊಂಡಿತು. 2022ರಲ್ಲಿ ಆ ನ್ಯಾಯಾಲಯದ ನ್ಯಾಯಾಧೀಶರು ತಜ್ಞರೊಂದಿಗೆ ಪೆರುವಿಗೇ ಹೋಗಿ ಸ್ಥಳ ಪರಿಶೀಲಿಸಿದರು. ಈ ನಡುವೆ 2021ರಲ್ಲಿ ಆಕ್ಸ್‌ಫರ್ಡ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳ ಸಂಶೋಧಕರು ಪಾಲ್ಕರಾಹು ಹಿಮನದಿ ಹಿಂದೆ ಸರಿದದ್ದಕ್ಕೆ ಮನುಷ್ಯರಿಂದಾದ ತಾಪಮಾನ ಏರಿಕೆಯೇ ಕಾರಣವೆಂದು ಪ್ರಕಟಿಸಿದ್ದರು.

2025ರ ಮೇ 28ರ ತೀರ್ಪು ಅರ್ಜಿಯನ್ನು ವಜಾಗೊಳಿಸಿತು, ನಿಜ. ಆದರೆ ವಜಾಕ್ಕೆ ಕೊಟ್ಟ ಕಾರಣವನ್ನು ಗಮನಿಸಬೇಕು. ಮುಂದಿನ ಮೂವತ್ತು ವರ್ಷಗಳಲ್ಲಿ ಪ್ರವಾಹ ಅರ್ಜಿದಾರರ ಆ ಒಂದು ಮನೆಯನ್ನು ತಲುಪುವ ಸಂಭವ ಶೇ. 1ರಷ್ಟು ಮಾತ್ರ, ಅದು ಸಾಲದು ಎಂದಿತು ನ್ಯಾಯಾಲಯ. ನದಿಗೆ ಇನ್ನೂ ಸಮೀಪವಿರುವ ಬೀದಿಗಳ ಬಗ್ಗೆ ಅದು ತೀರ್ಪು ಕೊಟ್ಟಿಲ್ಲ. ದೊಡ್ಡ ಪ್ರಮಾಣದಲ್ಲಿ ಅನಿಲ ಹೊರಬಿಡುವ ಕಂಪನಿಗಳನ್ನು ಇಂಥ ಅಪಾಯಕ್ಕೆ ತಾತ್ವಿಕವಾಗಿ ಹೊಣೆ ಮಾಡಬಹುದು ಎಂಬ ಮಾತೂ ಅದೇ ತೀರ್ಪಿನಲ್ಲಿದೆ. ಪರ್ವತದ ದೃಷ್ಟಿಯಿಂದ ನೋಡಿದರೆ ಆ ದಿನ ಏನೂ ಬದಲಾಗಲಿಲ್ಲ. ಮಂಜುಗಡ್ಡೆ ಬಂಡೆಗಳನ್ನು ಅಂಟಿಸಿ ಹಿಡಿದಿರುವ ಇಳಿಜಾರುಗಳು ಬಿಸಿಯಾದಷ್ಟೂ ಸಡಿಲವಾಗುತ್ತವೆ. ಹಿಂದಿನ ಹಲವು ದಶಕಗಳ ಅನುಭವವನ್ನು ಹಿಡಿದು ಮುಂದಿನ ಮೂವತ್ತು ವರ್ಷಗಳ ಸಂಭವವನ್ನು ಅಳೆದರೆ ಆ ಅಳತೆ ಕಡಿಮೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನೀವು ಕೇಳದ ಇನ್ನೊಂದು ಅಪಾಯವನ್ನೂ ಹೇಳಬೇಕು, ಏಕೆಂದರೆ ಹೆಚ್ಚು ಜನರನ್ನು ತಟ್ಟುವುದು ಅದೇ. ಕಿಲ್ಕೈ ಹೋಗಿ ಸೇರಿಕೊಳ್ಳುವ ಸಾಂತಾ ನದಿ ಉತ್ತರಕ್ಕೆ ಹರಿದು, ಪಶ್ಚಿಮಕ್ಕೆ ತಿರುಗಿ, ಕಾನ್ಯೋನ್ ದೆಲ್ ಪಾಟೊ ಎಂಬ ಕಡಿದಾದ ಕಮರಿಯಲ್ಲಿ ವಿದ್ಯುತ್ ಉತ್ಪಾದಿಸಿ, ಮರುಭೂಮಿಯಂಥ ಕರಾವಳಿಗೆ ಇಳಿಯುತ್ತದೆ. ಅಲ್ಲಿ ಚಾವಿಮೋಚಿಕ್ ಎಂಬ ಬೃಹತ್ ನೀರಾವರಿ ಯೋಜನೆ ಆ ನೀರನ್ನು ಕಾಲುವೆಗಳಲ್ಲಿ ಒಯ್ದು ಮರಳಿನ ಮೇಲೆ ಶತಾವರಿ, ಬೆಣ್ಣೆಹಣ್ಣು, ಬ್ಲೂಬೆರಿ ಬೆಳೆಸುತ್ತದೆ. ಈ ಬಿಳಿಯ ಸಾಲಿನ ಬೆನ್ನಿನಿಂದ ಪೂರ್ವಕ್ಕೆ ಬಿದ್ದ ಹನಿ ಮಾರಾನ್ಯೋನ್ ಸೇರಿ ಅಮೆಜಾನ್ ಮೂಲಕ ಅಟ್ಲಾಂಟಿಕ್‌ಗೆ ಹೋದರೆ, ಪಶ್ಚಿಮಕ್ಕೆ ಬಿದ್ದದ್ದು ಈ ಹೊಲಗಳಿಗೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆಯಿಲ್ಲದಾಗ ಸಾಂತಾ ಬತ್ತದಂತೆ ಕಾಪಾಡುವುದರಲ್ಲಿ ಹಿಮನದಿಗಳ ಪಾಲು ದೊಡ್ಡದು.

ಹಿಮನದಿ ಕುಗ್ಗಲು ಆರಂಭವಾದಾಗ ನದಿಯಲ್ಲಿ ನೀರು ಮೊದಲು ಹೆಚ್ಚುತ್ತದೆ, ಒಂದು ಗರಿಷ್ಠ ಮಟ್ಟ ಮುಟ್ಟುತ್ತದೆ, ಆಮೇಲೆ ಕರಗಲು ಉಳಿದ ಮಂಜುಗಡ್ಡೆಯೇ ಕಡಿಮೆಯಾಗಿ ಇಳಿಯತೊಡಗುತ್ತದೆ. ಸಾಂತಾದ ಉಪನದಿಗಳಲ್ಲಿ ಬಹುಪಾಲು ಆ ಗರಿಷ್ಠವನ್ನು ಈಗಾಗಲೇ ದಾಟಿವೆ ಎಂದು 2012ರ ಅಧ್ಯಯನ ತೋರಿಸಿತು. ನೀರಿನ ಗುಣವೂ ಕೆಡುತ್ತಿದೆ. ಈ ಸಾಲಿನ ಗ್ರಾನೈಟ್ ಸುತ್ತ ಗಂಧಕಯುಕ್ತ ಖನಿಜವಿರುವ ಹಳೆಯ ಜೇಡಿಕಲ್ಲಿನ ಪದರಗಳಿವೆ. ಹಿಮ ಮುಚ್ಚಿದ್ದಾಗ ಅವು ನಿರುಪದ್ರವಿ. ಹಿಮ ಸರಿದು ಗಾಳಿ ನೀರು ತಾಗಿದರೆ ಆಮ್ಲ ಹುಟ್ಟುತ್ತದೆ, ಲೋಹಗಳು ಕರಗಿ ಬರುತ್ತವೆ. ಕೊಹುಪ್‌ನ ಪಕ್ಕದ ಕಿಲ್ಕೈಹುವಾಂಕ ಕಣಿವೆಯ ತೊರೆ ಈ ಕಾರಣದಿಂದ ತುಕ್ಕಿನ ಬಣ್ಣಕ್ಕೆ ತಿರುಗಿದೆ, ಮತ್ತು ಅದೂ ಹರಿದು ಹೋಗುವುದು ಹುವಾರಾಸ್‌ಗೇ. ಹೀಗಾಗಿ ಆ ನಗರದವರು ಪಾಲ್ಕಕೋಚದ ನೀರನ್ನು ತಗ್ಗಿಸಬೇಕೆಂದು ಕೇಳುವಾಗಲೇ ಒಣಕಾಲಕ್ಕೆ ಅದೇ ನೀರನ್ನು ಉಳಿಸಿಡಬೇಕೆಂದೂ ಕೇಳುತ್ತಿದ್ದಾರೆ. ಸರೋವರವನ್ನು ಸುರಕ್ಷಿತ ಮಟ್ಟದಲ್ಲಿ ಇಟ್ಟುಕೊಂಡು, ಹೊರಬಿಡುವ ನೀರನ್ನು ಕಣಿವೆಯ ಕೆಳಭಾಗದಲ್ಲಿ ಹಿಡಿದಿಡುವ ಶಾಶ್ವತ ವ್ಯವಸ್ಥೆಯೊಂದೇ ಎರಡಕ್ಕೂ ಪರಿಹಾರವಾಗಬಲ್ಲದು.